ಎರಡನೆಯ ಪಾತ್ರೆಯ ಸೊಪ್ಪು

ಸೊಪ್ಪು ಕೀಳುವುದಕ್ಕೆ ಯಾರನ್ನೂ ಕೇಳುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಇದು ಗೊತ್ತಿಲ್ಲದಿದ್ದರೆ ಆಮೇಲೆ ನಡೆದದ್ದರಲ್ಲಿ ಯಾರದೋ ಕೆಟ್ಟತನ ಇತ್ತು ಅನ್ನಿಸಿಬಿಡುತ್ತದೆ.

ಒಬ್ಬರ ಹೊಲದ ಟೊಮೇಟೊ ಇನ್ನೊಬ್ಬರು ಮುಟ್ಟುವಂತಿಲ್ಲ. ಅವರೆಕಾಯಿ ಮುಟ್ಟುವಂತಿಲ್ಲ. ಬಿದ್ದ ತೆಂಗಿನ ಗರಿಯನ್ನೂ ಕೇಳಿಯೇ ಎತ್ತಬೇಕು. ಆದರೆ ಬದುವಿನ ಮೇಲೆ, ಸಾಲುಗಳ ನಡುವೆ ತಾನಾಗಿ ಹುಟ್ಟುವ ಸೊಪ್ಪು ಎಲ್ಲರದು. ಅಣ್ಣೆ, ಗಣಿಕೆ, ಚಗಚೆ, ಹೊನಗನ್ನೆ, ಗೋಣಿ ಸೊಪ್ಪು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಒಂದೊಂದು ಹಿಡಿ ಕಿತ್ತು ಮಡಿಲಿಗೆ ಹಾಕಿಕೊಂಡರೆ ಅದು ಬೆರಕೆ ಸೊಪ್ಪು. ಹೊಲದವನು ನೋಡಿದರೂ ಏನೂ ಅನ್ನುವುದಿಲ್ಲ. ಕಳೆ ಕಿತ್ತಷ್ಟು ಅವನಿಗೂ ಅನುಕೂಲ. ಹಾಗಲ್ಲದೆ ಯಾರಾದರೂ ಮನೆ ಬಾಗಿಲಿಗೆ ಹೋಗಿ, ನಿಮ್ಮ ಹೊಲದಲ್ಲಿ ಸೊಪ್ಪು ಕೀಳಲೇ ಎಂದು ಕೇಳಿದರೆ, ಕೇಳಿದವರು ಕೈ ಚಾಚಿದ ಹಾಗಾಗುತ್ತಿತ್ತು. ಸುಮ್ಮನೆ ಕಿತ್ತುಕೊಂಡು ಹೋಗುವವರು ಊರಿನವರು. ಕೇಳಿ ಕೀಳುವವರು ಗತಿ ಇಲ್ಲದವರು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ನಾನು ಗಡಿಯಾಚೆ ಹೊಸೂರು ಕಡೆ, ಉದ್ದನಪಲ್ಲಿಯ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಮನೆ ಮತ್ತಿಗಿರಿಯಲ್ಲಿ. ಗಂಡನಿಗೆ ಅಲ್ಲೇ ಹತ್ತಿರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಬೆಳಿಗ್ಗೆ ಬಸ್ಸಿಳಿದು, ಟೊಮೇಟೊ ಕೋಸಿನ ಹೊಲಗಳ ನಡುವಿನ ಮಣ್ಣು ದಾರಿಯಲ್ಲಿ ನಡೆದು ಶಾಲೆ ಸೇರುತ್ತಿದ್ದೆ. ನಾನು ಕೋಲಾರದ ಕಡೆಯವಳಾದ್ದರಿಂದ ಅಲ್ಲಿನ ಮಾತು, ಊಟ ಯಾವುದೂ ನನಗೆ ಹೊಸದಾಗಿರಲಿಲ್ಲ.

ಒಂದು ವರ್ಷ ಆರೋಗ್ಯ ಕೇಂದ್ರದ ನರ್ಸ್ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಹಳ ಮಕ್ಕಳ ರೆಪ್ಪೆಯ ಒಳಗೆ ಬಿಳಿಚಿಕೊಂಡಿತ್ತು. ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಹೋದರು. ಆ ಮಾತ್ರೆಗಳು ಕಾಂಪೌಂಡಿನ ಆಚೆಯ ಲಂಟಾನದ ಪೊದೆಯ ಕೆಳಗೆ ಬಿದ್ದಿರುವುದನ್ನು ನಾನೇ ನೋಡಿದೆ. ತಮಿಳಿನಲ್ಲಿ ಸತ್ತುಣವು ಎನ್ನುವ ಮಧ್ಯಾಹ್ನದ ಬಿಸಿಯೂಟದಲ್ಲೂ ಹಾಗೆಯೇ. ಅನ್ನ ತಿನ್ನುತ್ತಿದ್ದರು, ಮೊಟ್ಟೆ ಕೊಟ್ಟ ದಿನ ಮೊಟ್ಟೆ ತಿನ್ನುತ್ತಿದ್ದರು. ಸಾಂಬಾರಿನೊಳಗಿನ ಸೊಪ್ಪು ತರಕಾರಿಯನ್ನು ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು.

ಹೆಡ್‌ಮಾಸ್ಟರು ಈ ತಟ್ಟೆಗಳನ್ನು ಕೆಲವು ದಿನ ನೋಡಿ, ಮಕ್ಕಳು ತಾವೇ ಬೇಯಿಸಿದ್ದನ್ನು ಬಿಸಾಡಲಾರರು ಎಂದರು. ಶುಕ್ರವಾರ ಮಧ್ಯಾಹ್ನದ ಕಡೆಯ ಪೀರಿಯಡ್‌ಗಳಲ್ಲಿ ಏಳನೆಯ ಎಂಟನೆಯ ತರಗತಿಯವರಿಗೆ ಅಡುಗೆ ಕಲಿಸಲು ನನಗೆ ಹೇಳಿದರು. ಹುಡುಗರಿಗೂ ಕಲಿಸಬೇಕು ಎಂಬುದು ಅವರ ಷರತ್ತು. ಸತ್ತುಣವು ಅಡುಗೆಮನೆಯ ಆಯಮ್ಮ ತಮ್ಮ ಒಲೆ, ಪಾತ್ರೆ ಬಿಟ್ಟುಕೊಟ್ಟರು. ತೊಳೆದು ಹಾಗೇ ಒಪ್ಪಿಸಬೇಕು ಎಂದಷ್ಟೇ ಅವರು ಕೇಳಿದ್ದು.

ಮೊದಲ ಕೆಲವು ವಾರ ನಗುವೇ ಜಾಸ್ತಿ. ಮುದ್ದೆ ತಿರುವುವಾಗ ಹುಡುಗರ ಕೈ ಸುಟ್ಟಿತು, ಗಂಟು ಕಟ್ಟಿತು. ಆಚೆ ಕಿಟಕಿಯಲ್ಲಿ ಆರನೆಯ ತರಗತಿಯವರು ನಿಂತು, ಇವರೆಲ್ಲ ಗಂಡನ ಮನೆಗೆ ಹೋಗುವವರು ಎಂದು ಆಡಿಕೊಂಡರು. ಮನೆಯಲ್ಲಿ ರಾತ್ರಿ ಏನು ಊಟ ಎಂದು ಕೇಳಿದರೆ ಎಲ್ಲರೂ ಅನ್ನ ಎನ್ನುತ್ತಿದ್ದ ಮಕ್ಕಳು, ಮುದ್ದೆ ಸರಿಯಾಗಿ ಬಂದ ವಾರದಿಂದ ಮುದ್ದೆ ಎಂದು ನಿಜ ಹೇಳಲು ಶುರುಮಾಡಿದರು. ರಾಗಿಯಲ್ಲಿ ಏನಿದೆ, ಮೊಳಕೆ ಕಟ್ಟಿದ ಹುರುಳಿಯಲ್ಲಿ ಏನಿದೆ, ಟೀ ಬನ್ನು ತಿಂದು ಶಾಲೆಗೆ ಬಂದರೆ ಮಧ್ಯಾಹ್ನ ಏಕೆ ತಲೆ ಸುತ್ತುತ್ತದೆ ಎಂದು ಒಲೆಯ ಮುಂದೆ ನಿಂತು ಹೇಳಿದರೆ ಅವರಿಗೆ ತಿಳಿಯುತ್ತಿತ್ತು. ಅದೇ ಮಾತು ಬೋರ್ಡಿನ ಮೇಲೆ ಬರೆದಾಗ ತಿಳಿದಿರಲಿಲ್ಲ.

ಆ ತರಗತಿಯಲ್ಲಿ ಅಂಚೆಟ್ಟಿ ಕಡೆಯ ಒಬ್ಬ ಹುಡುಗಿ ಇದ್ದಳು. ಅವಳ ಹಳ್ಳಿಯಲ್ಲಿ ಐದನೆಯ ತರಗತಿಯವರೆಗೆ ಮಾತ್ರ ಶಾಲೆ. ಮುಂದಕ್ಕೆ ಓದಬೇಕಾದರೆ ಕಾಡಿನ ದಾರಿಯಲ್ಲಿ ಬಹಳ ದೂರ ನಡೆಯಬೇಕು. ಅದಕ್ಕೆ ಅವಳಮ್ಮ ಅವಳನ್ನು ಈ ಊರಿನ ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದಳು. ಹುಡುಗಿ ಮಾತು ಕಡಿಮೆ. ಸೊಪ್ಪಿನ ವಿಷಯ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದಳು. ಗಣಿಕೆಯ ಎಲೆ ಚಿಕ್ಕದಿದ್ದಾಗ ಹೇಗಿರುತ್ತದೆ, ಚಗಚೆಯನ್ನು ಯಾವಾಗ ಕೀಳಬಾರದು ಎಂದು ಉಳಿದವರಿಗೆ ತೋರಿಸುತ್ತಿದ್ದಳು. ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡೋಣ ಟೀಚರ್ ಎಂದು ಕೇಳಿದವಳೂ ಅವಳೇ. ರಕ್ತಕ್ಕೆ ಒಳ್ಳೆಯದು ಎಂದು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು.

ಆ ಶುಕ್ರವಾರ ಒಬ್ಬೊಬ್ಬರೂ ಒಂದೊಂದು ಹಿಡಿ ಸೊಪ್ಪು ತಂದಿದ್ದರು. ಅಡುಗೆಮನೆಯ ಮುಂದಿನ ಜಗಲಿಯಲ್ಲಿ ಒದ್ದೆ ಪಂಚೆ ಹಾಸಿ ಎಲ್ಲವನ್ನೂ ಅದರ ಮೇಲೆ ಸುರಿದೆವು. ಹುಡುಗಿ ಒಂದು ಪಕ್ಕ, ನಾನು ಒಂದು ಪಕ್ಕ ಕೂತು ಸೋಸಿದೆವು. ಹುಲ್ಲಿನ ಎಸಳು, ಬೇರು, ಹಣ್ಣಾದ ಎಲೆ ಎಲ್ಲ ತೆಗೆದೆವು. ತೊಳೆದು ಬೇಳೆಯ ಜೊತೆ ಮೊದಲ ಪಾತ್ರೆಗೆ ಹಾಕಿದಾಗ, ಎರಡನೆಯ ಪಾತ್ರೆಗೆ ಬರೀ ಒಂದು ಬೊಗಸೆ ಉಳಿಯಿತು. ಶಾಲೆಯ ಹಿಂದಿನ ಟೊಮೇಟೊ ಹೊಲದಲ್ಲಿ ಎಳೆ ಅಣ್ಣೆ ಸೊಪ್ಪು ದಟ್ಟವಾಗಿ ಬೆಳೆದಿದೆ ಎಂದು ಹುಡುಗಿ ಹೇಳಿದಳು. ಇಬ್ಬರು ಗೆಳತಿಯರನ್ನು ಕರೆದುಕೊಂಡು ಹೋಗಿ, ಲಂಗದ ತುಂಬ ಕಿತ್ತುಕೊಂಡು ಬಂದಳು. ಅದನ್ನೂ ಅದೇ ಪಂಚೆಯ ಮೇಲೆ ಸುರಿದು ಸೋಸಿದೆವು. ಅದನ್ನೂ ತೊಳೆದೆವು. ಎಲ್ಲ ಅಣ್ಣೆ ಸೊಪ್ಪೇ. ಬೇರೆ ಎಲೆ ಒಂದೂ ಇರಲಿಲ್ಲ. ಎಲೆಯ ಮೇಲೆ ಕಲೆಯಾಗಲಿ, ಬಿಳಿ ಪುಡಿಯಾಗಲಿ ನನಗೆ ಕಾಣಲಿಲ್ಲ. ಒಲೆಯ ಹೊಗೆಯಲ್ಲಿ ಬೇರೆ ಯಾವ ವಾಸನೆಯೂ ಬರಲಿಲ್ಲ.

ಬೆಂದ ಸೊಪ್ಪನ್ನು ಹುಡುಗರು ಮರದ ಕೋಲಿನಿಂದ ಮಸೆದರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಬಿತ್ತು. ಎರಡೂ ಪಾತ್ರೆಯದನ್ನು ನಾನು ಮೊದಲು ಒಂದೊಂದು ತುತ್ತು ತಿಂದು ನೋಡಿದೆ. ರುಚಿ ಚೆನ್ನಾಗಿತ್ತು. ಮಕ್ಕಳು ಎರಡು ಸಾಲಾಗಿ ಕೂತರು, ಒಂದು ಸಾಲಿಗೆ ಒಂದು ಪಾತ್ರೆ. ಬಡಿಸಿದವಳು ಆ ಹುಡುಗಿ. ಬಡಿಸುವವರು ಕಡೆಗೆ ತಿನ್ನುವುದು ರೂಢಿ. ಅವಳ ಸರದಿ ಬರುವ ಹೊತ್ತಿಗೆ ಎರಡೂ ಪಾತ್ರೆ ಖಾಲಿ. ಅವಳು ಸೌಟಿನಿಂದ ತಳ ಕೆರೆದು ನೋಡಿ, ನಕ್ಕು, ಪಾತ್ರೆಗಳನ್ನು ತೊಳೆಯಲು ಎತ್ತಿಕೊಂಡು ಹೋದಳು. ಅಂದು ಒಂದು ತಟ್ಟೆಯ ಅಂಚಿನಲ್ಲೂ ಸೊಪ್ಪು ಉಳಿಯಲಿಲ್ಲ.

ಗಂಟೆ ಹೊಡೆಯುವ ಮೊದಲು ಎರಡನೆಯ ಸಾಲಿನ ಒಬ್ಬ ಹುಡುಗ ಹೊಟ್ಟೆ ತೊಳಸುತ್ತದೆ ಎಂದ. ಅವನ ಬಾಯಿಂದ ಜೊಲ್ಲು ನಿಲ್ಲದೆ ಸುರಿಯುತ್ತಿತ್ತು. ಅವನು ಅದನ್ನು ತೋಳಿನಿಂದ ಒರೆಸಿಕೊಳ್ಳುತ್ತಿದ್ದ, ಮತ್ತೆ ಸುರಿಯುತ್ತಿತ್ತು. ಅವನು ಆ ಟೊಮೇಟೊ ಹೊಲದವರ ಮಗ. ಆಮೇಲೆ ಅವನ ಪಕ್ಕದವಳು ವಾಂತಿ ಮಾಡಿಕೊಂಡಳು. ಆಮೇಲೆ ಆ ಸಾಲಿನಲ್ಲಿ ಇನ್ನೂ ಕೆಲವರು. ಮೊದಲ ಸಾಲಿನವರು ಎದ್ದು ನಿಂತು ನೋಡುತ್ತಿದ್ದರು. ನನಗೂ ಬೆವರು ಬಂದು ಕಣ್ಣು ಮಂಜಾಯಿತು. ಆದರೂ ನಿಲ್ಲಲು ಆಗುತ್ತಿತ್ತು. ಹೆಡ್‌ಮಾಸ್ಟರು ರಸ್ತೆಗೆ ಓಡಿ ಹಾಲಿನ ವ್ಯಾನ್ ನಿಲ್ಲಿಸಿದರು. ಕ್ಯಾನ್‌ಗಳನ್ನು ರಸ್ತೆಯ ಬದಿಗಿಳಿಸಿ ಮಕ್ಕಳನ್ನು ಹತ್ತಿಸಿದೆವು. ಹುಡುಗಿ ಒದ್ದೆ ಕೈಯಲ್ಲಿ ನಲ್ಲಿಯ ಹತ್ತಿರವೇ ನಿಂತಿದ್ದಳು. ಅವಳ ಕೈಯಲ್ಲಿ ತೊಳೆದ ಪಾತ್ರೆ ಇತ್ತು. ವ್ಯಾನ್ ತಿರುಗುವವರೆಗೂ ಅವಳು ಅದನ್ನು ಕೆಳಗಿಡಲಿಲ್ಲ.

ಆರೋಗ್ಯ ಕೇಂದ್ರದ ಡಾಕ್ಟರು ಮಕ್ಕಳ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಬೇಗ ಬೇಗ ಇಂಜೆಕ್ಷನ್ ಕೊಟ್ಟರು. ಹೆಚ್ಚು ಸುಸ್ತಾದವರನ್ನು ಆಂಬುಲೆನ್ಸಿನಲ್ಲಿ ಹೊಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೊಟ್ಟೆಗೆ ಏನು ಹೋಗಿದೆ ಎಂದು ತಮಿಳಿನಲ್ಲಿ ಕೇಳಿದರು. ಸೊಪ್ಪು ಎಂದೆ. ವಿಷದ ಎಲೆ ಸೇರಿರಬೇಕು, ಇಲ್ಲವೇ ಔಷಧಿ ಹೊಡೆದ ಎಲೆ ಇರಬೇಕು, ಯಾವುದೆಂದು ತಿಳಿದುಕೊಳ್ಳಿ ಎಂದರು. ಭಾನುವಾರದ ಹೊತ್ತಿಗೆ ಎಲ್ಲ ಮಕ್ಕಳೂ ಮನೆಗೆ ಬಂದರು. ಯಾರಿಗೂ ಏನೂ ಆಗಲಿಲ್ಲ ಎಂದು ಈಗ ಬರೆಯುವುದು ಸುಲಭ. ಆ ಎರಡು ದಿನ ನಾನು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಗಂಡ ಕ್ಯಾಂಟೀನಿನಿಂದ ಇಡ್ಲಿ ತಂದು ಕೊಟ್ಟರೆ ಅದನ್ನು ಬಿಡಿಸಿ ನೋಡಿ, ಮತ್ತೆ ನೋಡಿ ತಿನ್ನುತ್ತಿದ್ದೆ.

ಡಾಕ್ಟರು ಹೇಳಿದ ಎರಡು ಮಾತುಗಳಲ್ಲಿ ಊರು ಮೊದಲನೆಯದನ್ನು ಹಿಡಿದುಕೊಂಡಿತು. ಸೊಪ್ಪು ಕಿತ್ತವಳು ಬೇರೆ ಕಡೆಯಿಂದ ಬಂದವಳು. ಬಡಿಸಿದವಳೂ ಅವಳೇ. ಮೇಲಾಗಿ ತಾನು ಮಾತ್ರ ತಿನ್ನಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದಾಗ ನಿಲ್ದಾಣದಲ್ಲೇ ಈ ಮಾತು ಕೇಳಿದೆ. ಟೀ ಅಂಗಡಿಯ ಮುಂದೆ ನಿಂತಿದ್ದ ಒಬ್ಬಾಕೆ ನನಗೆ ಕೇಳಿಸಲೆಂದೇ, "ಕಾಡ್ ಕಡೆ ಹುಡ್ಗಿ, ಯಾವ್ ಎಲೆ ತಂದ್ ಹಾಕ್ಬುಟ್ಳೋ. ತಾನು ಮಾತ್ರ ಬಾಯ್ಗಿಕ್ಲಿಲ್ಲ ನೋಡು" ಎಂದಳು.

ಹುಡುಗಿ ಶಾಲೆಗೆ ಬಂದಿರಲಿಲ್ಲ. ಪ್ರಾರ್ಥನೆ ಮುಗಿಸಿ ನಾನು ಅವಳ ದೊಡ್ಡಮ್ಮನ ಮನೆಗೆ ಹೋದೆ. ಬಾಗಿಲ ಪಕ್ಕದಲ್ಲಿ ಅವಳ ಶಾಲೆಯ ಚೀಲ ಇರಲಿಲ್ಲ. ಬಟ್ಟೆ ಕಟ್ಟಿದ ಒಂದು ಪ್ಲಾಸ್ಟಿಕ್ ಬ್ಯಾಗು ಇತ್ತು. ದೊಡ್ಡಮ್ಮ ಕೂಲಿಗೆ ಹೋಗದೆ ಹೊಸ್ತಿಲ ಮೇಲೆ ಕೂತಿದ್ದರು. ನಾಳಿನ ಬಸ್ಸಿಗೆ ಅವಳನ್ನು ಅಂಚೆಟ್ಟಿಗೆ ಬಿಟ್ಟು ಬರುವುದಾಗಿ ಹೇಳಿದರು. ಅಲ್ಲಿ ಓದುವುದು ಹೇಗೆ ಎಂದೆ.

"ಓದಾದೆಲ್ಲಿ ಬಂತು ಟೀಚ್ರಮ್ಮ. ನೀರ್ ಹಿಡಿಯಾಕೆ ಹೋದ್ರೆ ಮಕಕ್ಕೇ ಅಂತಾವ್ರೆ. ಇವ್ಳು ಇಲ್ಲಿರೋಗಂಟ ಅವ್ರು ಬಾಯಿ ಮುಚ್ಚಕಿಲ್ಲ. ಹೋಗ್ಲಿ, ಅವ್ರಮ್ಮನ ಜತೆ ಇರ್ಲಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಹುಡುಗಿಗೆ ಅವರು ತಮ್ಮ ಮಕ್ಕಳಷ್ಟೇ ಊಟ ಹಾಕಿ ಬೆಳೆಸಿದ್ದರು. ಈಗ ಊರಿನ ನಡುವೆ ಬದುಕಬೇಕಾದವರೂ ಅವರೇ. ಹುಡುಗಿ ಒಳಗಿನ ಕತ್ತಲಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅತ್ತಿರಲಿಲ್ಲ. ನನ್ನನ್ನು ಒಂದೇ ಮಾತು ಕೇಳಿದಳು.

"ನಾನ್ ಹಾಕಿದ್ದು ಅಣ್ಣೆ ಸೊಪ್ಪೇ ಟೀಚರ್. ನೀವೂ ನೋಡಿದ್ರಲ್ಲ?"

ನೋಡಿದ್ದೆ ಎಂದೆ. ಅಷ್ಟು ಹೇಳಿ ಶಾಲೆಗೆ ಹಿಂತಿರುಗಿದೆ. ದಾರಿಯುದ್ದಕ್ಕೂ ನಾನು ಏನೇನು ನೋಡಿದ್ದೆ ಎಂದು ಮೊದಲಿಂದ ಕಡೆಯವರೆಗೆ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಒದ್ದೆ ಪಂಚೆ, ಮೊದಲ ರಾಶಿ, ಉಳಿದ ಬೊಗಸೆ, ಲಂಗದ ತುಂಬ ಬಂದ ಸೊಪ್ಪು. ನೋಡದೆ ಇದ್ದದ್ದನ್ನು ಬೇರೆಯಾಗಿ ಇಟ್ಟುಕೊಂಡೆ. ಹೊಲದೊಳಗೆ ನಾನು ಹೋಗಿರಲಿಲ್ಲ. ಅಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ.

ಅಂದು ಸಂಜೆ ಹೆಡ್‌ಮಾಸ್ಟರು ತಂದೆತಾಯಿಯರನ್ನು ಶಾಲೆಯ ಜಗಲಿಗೆ ಕರೆಸಿದ್ದರು. ಗಂಡಸರು ಒಂದು ಕಡೆ ಬೆಂಚುಗಳ ಮೇಲೆ, ಹೆಂಗಸರು ಗೋಡೆಗೆ ಒರಗಿ ನೆಲದ ಮೇಲೆ. ದೊಡ್ಡಮ್ಮನೂ ಬಂದಿದ್ದರು. ಅವರ ಎರಡೂ ಪಕ್ಕ ಸ್ವಲ್ಪ ಜಾಗ ಖಾಲಿ ಉಳಿದಿತ್ತು. ಅಡುಗೆ ಪಾಠ ಬೇಡ, ನಾವು ಮಕ್ಕಳನ್ನು ಕಳಿಸುವುದು ಓದಲು ಎಂದು ಒಬ್ಬರು. ಆ ಹುಡುಗಿಯನ್ನು ಕಳಿಸಿಬಿಡಿ, ಪಾಠ ಮುಂದುವರಿಸಿ ಎಂದು ಇನ್ನೊಬ್ಬರು. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೋಗಿ ತಮಿಳಿಗೆ ಬಂದು ಮತ್ತೆ ಕನ್ನಡಕ್ಕೆ ತಿರುಗುತ್ತಿತ್ತು. ಯಾರೂ ಕೂಗಾಡಲಿಲ್ಲ. ಹೆದರಿದ್ದರು, ಅಷ್ಟೆ. ಹೊಸೂರಿನ ಆಸ್ಪತ್ರೆಯಲ್ಲಿ ಎರಡು ರಾತ್ರಿ ಮಗುವಿನ ಪಕ್ಕ ಕೂತವರ ಮುಖ ನನಗೆ ಈಗಲೂ ನೆನಪಿದೆ. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ.

ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ನಾನು ಎದ್ದು ನಿಂತು, ಜೋಡಿಸಿಕೊಂಡ ಹಾಗೆ ಹೇಳಿದೆ. ಎರಡೂ ರಾಶಿಯನ್ನು ನಾನೇ ಕೂತು ಸೋಸಿದ್ದೇನೆ, ತಿನ್ನಬಾರದ ಎಲೆ ಯಾವುದೂ ಇರಲಿಲ್ಲ. ಎರಡನ್ನೂ ತಿಂದಿದ್ದೇನೆ. ಬಡಿಸುತ್ತಿದ್ದವಳಿಗೆ ಏನೂ ಉಳಿಯಲಿಲ್ಲ, ಅದಕ್ಕೇ ಅವಳು ತಿನ್ನಲಿಲ್ಲ, ಅವಳು ತಳ ಕೆರೆದದ್ದನ್ನು ನಾನು ನೋಡಿದ್ದೇನೆ. ಮೊದಲ ಪಾತ್ರೆಯದನ್ನು ತಿಂದ ಯಾವ ಮಗುವಿಗೂ ಏನೂ ಆಗಲಿಲ್ಲ. ಎರಡನೆಯ ಪಾತ್ರೆಯಲ್ಲಿ ಇದ್ದು ಮೊದಲನೆಯದರಲ್ಲಿ ಇಲ್ಲದಿದ್ದದ್ದು ಹಿಂದಿನ ಟೊಮೇಟೊ ಹೊಲದಿಂದ ಬಂದ ಸೊಪ್ಪು ಮಾತ್ರ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಹೀಗೆ ಹೇಳಿ ಕೂತೆ. ಹೊಲದವನು ಬೆಂಚಿನ ತುದಿಯಲ್ಲಿ ಕೂತಿದ್ದ. ನಾನು ಅವನನ್ನು ನೋಡಲಿಲ್ಲ. ಅವನ ಮಗ ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ನನಗೆ ತಿಳಿದಿತ್ತು. ಗೋಡೆಯ ಕಡೆಯಿಂದ ಅವನ ಹೆಂಡತಿ ಮಾತಾಡಿದಳು. ಕೂತಲ್ಲಿಂದ ಏಳಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಅದು ನಮ್ಮೊಲ. ಹುಳ ಬಿದ್ದಿತ್ತು. ಗುರುವಾರ ಸಂಜೆ ಔಸ್ದಿ ಹೊಡ್ದಿದ್ವಿ."

ಅವನು ಹೆಂಡತಿಯ ಕಡೆ ತಿರುಗಿ, ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, ಎರಡೂ ಕೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟ. "ಸೊಪ್ಪಿಗೆ ಬತ್ತಾರೆ ಅಂತ ನಂಗೇನ್ ಗೊತ್ತು ಸಾರ್. ಯಾರೂ ಕೇಳ್ನಿಲ್ಲ" ಎಂದ.

"ಸೊಪ್ಪಿಗೆ ಯಾರ್ ಕೇಳ್ತಾರ್ಲಾ?" ಎಂದರು ಅವನ ಪಕ್ಕದಲ್ಲಿದ್ದ ಹಿರಿಯರೊಬ್ಬರು.

"ಅದೇ ಮಾವ. ಯಾರೂ ಕೇಳಕಿಲ್ಲ. ನಾವೂ ಹೇಳಕಿಲ್ಲ."

ಆ ಜಗಲಿಯ ಮೇಲೆ ಇದ್ದವರೆಲ್ಲ ಆಗ ಏನು ಯೋಚಿಸಿದರೋ ನಾನು ಹೇಳಲಾರೆ. ಅವರೆಲ್ಲರ ಹೊಲದಲ್ಲೂ ಔಷಧಿಯ ಡಬ್ಬಿ ಇತ್ತು. ಅವರೆಲ್ಲರ ಮನೆಯ ಹೆಂಗಸರೂ ಯಾರದೋ ಹೊಲದಲ್ಲಿ ಸೊಪ್ಪು ಕಿತ್ತಿದ್ದರು. ಬದುವಿನ ಸೊಪ್ಪು ಎಲ್ಲರದು ಎಂದು ಆದಾಗ ಈ ಡಬ್ಬಿಗಳು ಬಂದಿರಲಿಲ್ಲ. ಡಬ್ಬಿಗಳು ಬಂದ ಮೇಲೂ ಪದ್ಧತಿ ಹಾಗೇ ಉಳಿದಿತ್ತು. ಹೊಲದವನನ್ನು ಯಾರೂ ಬೈಯಲಿಲ್ಲ. ಟೀ ಅಂಗಡಿಯ ಮುಂದೆ ನನಗೆ ಕೇಳಿಸಲೆಂದು ಮಾತಾಡಿದಾಕೆ ಎದ್ದು ಹೋಗುವಾಗ ದೊಡ್ಡಮ್ಮನ ಮುಂದೆ ಒಂದು ಕ್ಷಣ ನಿಂತು, ಬಾ ಹೋಗಾನ ಎಂದಳು. ಇಬ್ಬರೂ ಜೊತೆಯಲ್ಲಿ ಗೇಟು ದಾಟಿದರು. ಮರುದಿನ ಹುಡುಗಿ ಶಾಲೆಗೆ ಬಂದಳು. ಅವಳು ಬರುತ್ತಾಳೋ ಇಲ್ಲವೋ ಎಂದು ನಾನು ಕಾಂಪೌಂಡಿನ ಹತ್ತಿರವೇ ನಿಂತಿದ್ದೆ.

ಬಂದಳು, ಆದರೆ ಊಟದ ಸಾಲಿನಲ್ಲಿ ಅವಳ ಎರಡೂ ಪಕ್ಕ ಜಾಗ ಖಾಲಿ ಇರುತ್ತಿತ್ತು. ಸತ್ಯ ತಿಳಿದ ಮೇಲೂ ಮಕ್ಕಳ ಹೊಟ್ಟೆಗೆ ಅದು ತಿಳಿಯಲು ತಡವಾಯಿತು. ಅವಳ ಕೈಯ ನೀರನ್ನೂ ಕೆಲವರು ಮುಟ್ಟುತ್ತಿರಲಿಲ್ಲ. ಅವಳೂ ಯಾರಿಗೂ ಏನನ್ನೂ ಕೊಡಲು ಹೋಗುತ್ತಿರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಆ ಬಟ್ಟೆಯ ಬ್ಯಾಗನ್ನು ಇನ್ನೂ ಬಿಚ್ಚಿಲ್ಲ ಎಂದು ಅವಳ ಗೆಳತಿಯೊಬ್ಬಳು ನನಗೆ ಹೇಳಿದಳು.

ಅಡುಗೆ ಪಾಠ ಕೆಲವು ವಾರ ನಿಂತಿತು. ಆಮೇಲೆ ಹೆಡ್‌ಮಾಸ್ಟರು ಕಡಲೆಕಾಯಿ, ಬೆಲ್ಲ, ಮೊಳಕೆ ಕಾಳು ಮಾತ್ರ ಇರಲಿ ಎಂದು ಮತ್ತೆ ಶುರುಮಾಡಿಸಿದರು. ಅವರೆಕಾಯಿಯ ಕಾಲ ಬಂದಾಗ, ಹಿತಕಿದ ಬೇಳೆಯ ಸಾರು ಮಾಡಿದ ವಾರ, ನಾನು ಅವರ ಹತ್ತಿರ ಹೋಗಿ ಒಂದು ಸಲ ಸೊಪ್ಪು ಮಾಡಬೇಕು ಎಂದೆ. ಮಾಡದೆ ಬಿಟ್ಟರೆ ಈ ಮಕ್ಕಳು ಜೀವಮಾನವೆಲ್ಲ ಸೊಪ್ಪಿಗೆ ಹೆದರುತ್ತಾರೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ಕೇಳಿ ಕೀಳಿಸಿ ಎಂದರು.

ಕೇಳುವುದು. ನಮ್ಮ ಪಾಲಿಗೆ ಬಂದ ಹೊಸ ಪಾಠ ಅದು. ಎಲೆಯ ಬಣ್ಣದಿಂದ, ವಾಸನೆಯಿಂದ ಔಷಧಿ ಗೊತ್ತಾಗುವುದಿಲ್ಲ, ತೊಳೆದರೂ ಪೂರ್ತಿ ಹೋಗುವುದಿಲ್ಲ, ಹೊಡೆದವರನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ ಎಂದು ಮಕ್ಕಳಿಗೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಯಾರು ಹೋಗಿ ಕೇಳುತ್ತೀರಿ ಎಂದಾಗ ಯಾರೂ ಏಳಲಿಲ್ಲ. ಸೊಪ್ಪಿಗೆ ಬೇಡಿದರು ಎಂದು ಆಡಿಕೊಳ್ಳುತ್ತಾರೆ ಟೀಚರ್ ಎಂದ ಒಬ್ಬ. ಹುಡುಗಿ ಎದ್ದಳು.

ಅವಳ ಜೊತೆ ನಾನೂ ಹೋದೆ. ಆ ಟೊಮೇಟೊ ಹೊಲದವರ ಮನೆಯ ಮುಂದೆ, ಅಂದು ಜಗಲಿಯಲ್ಲಿ ಮಾತಾಡಿದ್ದ ಹೆಂಗಸು ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗಿ ಅಂಗಳದ ಅಂಚಿನಲ್ಲೇ ನಿಂತುಬಿಟ್ಟಳು. ಮುಖ ಕೆಂಪಾಗಿತ್ತು. ಅವಳ ಅಮ್ಮನಾಗಲಿ ದೊಡ್ಡಮ್ಮನಾಗಲಿ ಯಾವತ್ತೂ ಯಾರ ಬಾಗಿಲಲ್ಲೂ ಹೀಗೆ ನಿಂತಿರಲಾರರು. ನಾನು ಮಾತಾಡಬಹುದಿತ್ತು. ಅವಳೇ ಎದ್ದು ಬಂದಿದ್ದರಿಂದ ಸುಮ್ಮನಿದ್ದೆ.

"ಅತ್ತೆ, ನಿಮ್ಮೊಲದಾಗೆ ಸೊಪ್ಪು ಕಿತ್ಕಂತೀವಿ. ಔಸ್ದಿ ಹೊಡ್ದಿದ್ದೀರಾ?"

ಹೆಂಗಸಿನ ಕೈ ನಿಂತಿತು. "ಸೊಪ್ಪಿಗೂ ಕೇಳಾ ಹಂಗಾಯ್ತೇನವ್ವಾ" ಎಂದಳು, ಹುಡುಗಿಗೆ ಹೇಳಿದ ಹಾಗಿರಲಿಲ್ಲ. ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿ, ಸೆರಗು ಕೊಡವಿ ಎದ್ದಳು. "ಮೂಡ್ಲ ಕಡೆ ಬ್ಯಾಡ, ಮೊನ್ನೆ ಹೊಡ್ದವ್ರೆ. ರಾಗಿ ಕಡೆ ಬದಕ್ಕೆ ಏನೂ ಹಾಕಿಲ್ಲ. ಬಾ, ನಾನೇ ತೋರಿಸ್ತೀನಿ."

ಮೂವರೂ ಕಿತ್ತೆವು. ಹೆಂಗಸು ಕೀಳುತ್ತ ಕೀಳುತ್ತ, ಅಂಚೆಟ್ಟಿ ಕಡೆ ಈ ಸೊಪ್ಪಿಗೆ ಏನಂತಾರೆ, ನಿಮ್ಮಮ್ಮ ಹೆಂಗೆ ಮಾಡ್ತಾಳೆ ಎಂದು ಅವಳನ್ನು ಕೇಳುತ್ತಿದ್ದಳು. ಆಮೇಲೆ ತಾನೂ ಶಾಲೆಯವರೆಗೆ ಬಂದಳು. ಅಡುಗೆಮನೆಯ ಹೊರಗೆ ಜಗಲಿಯ ತುದಿಯಲ್ಲಿ ಕೂತು, ಸೊಪ್ಪು ಬೇಯುವುದನ್ನು, ಮಸೆಯುವುದನ್ನು ನೋಡಿದಳು.

ಮಕ್ಕಳು ಸಾಲಾಗಿ ಕೂತರು. ಹುಡುಗಿ ಸೌಟು ಹಿಡಿದು ನಿಂತಳು. ಈ ಸಲ ಅವಳು ರೂಢಿ ಬಿಟ್ಟು ಮೊದಲು ತನ್ನ ತಟ್ಟೆಗೇ ಬಡಿಸಿಕೊಂಡು, ನಿಂತಲ್ಲೇ ಒಂದು ತುತ್ತು ತಿಂದಳು. ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದರು. ತಟ್ಟೆಗಳು ನೆಲದ ಮೇಲೆಯೇ ಇದ್ದವು. ಯಾರೂ ಮುಂದಕ್ಕೆ ತಳ್ಳಲಿಲ್ಲ. ಅವಳು ಹಾಗೇ ಕಾದಳು. ಆಗ ಸಾಲಿನ ನಡುವಿನಿಂದ ಹೊಲದವರ ಮಗ, ಮೊದಲು ವಾಂತಿ ಬಂದಂತಾಗಿದ್ದವನು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅವನ ಮುಖ ಬಿಳಿಚಿತ್ತು, ಆದರೂ ನಗುತ್ತಿದ್ದ.

"ನಂಗೆ ಎರಡ್ನೇ ಪಾತ್ರೇದೇ ಹಾಕು" ಎಂದ.

"ಈ ಸಲ ಒಂದೇ ಪಾತ್ರೆ ಕಣ್ಲಾ" ಎಂದು ಹೇಳಿ ಅವಳು ಬಡಿಸಿದಳು.